ಗೋಡೆಗೆ ನಿಲ್ಲುವ ಚನಮಲ್ಲಪ್ಪ

ರಬಕವಿಯ ನೇಕಾರ ಚನಮಲ್ಲಪ್ಪನನ್ನು ಹಿಂದಿನಿಂದ ಕೂಗಿದರೆ ಬರೀ ಕುತ್ತಿಗೆ ಹೊರಳುವುದಿಲ್ಲ. ಸಣ್ಣ ಓಣಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ತಿರುಗಿದಂತೆ ಇಡೀ ಮನುಷ್ಯನೇ ನಿಧಾನಕ್ಕೆ ತಿರುಗುತ್ತಾನೆ. ನಲವತ್ತಕ್ಕೇ ಬೆನ್ನೆಲುಬಿಗೆ ಸಂಧಿವಾತ ಹೊಕ್ಕಿದೆ. ಮಲಗಿದಷ್ಟೂ ಬಿಗಿಯುತ್ತದೆ, ಮಗ್ಗದ ಸುತ್ತ ಓಡಾಡಿದಷ್ಟೂ ಸಡಿಲಾಗುತ್ತದೆ. ಇದನ್ನು ಊರಿಗೆ ತಿಳಿಸಿ ಹೇಳುವುದರಲ್ಲೇ ಅವನು ಅರ್ಧ ಸೋತಿದ್ದಾನೆ. ಮದುವೆಮನೆಯಲ್ಲಿ ಕುರ್ಚಿ ತಂದವರಿಗೆಲ್ಲ "ಕುಂತ್ರ ಹಿಡಕೋತೈತ್ರಿ, ನಿಂತಾ ಇರ್ತೇನಿ" ಎನ್ನುತ್ತಾನೆ. ಅವರು ಇನ್ನೂ ಮೆತ್ತನೆಯ ಕುರ್ಚಿ ಹುಡುಕಿ ತರುತ್ತಾರೆ. ಜಮಖಂಡಿಯ ಡಾಕ್ಟರು ಗುಳಿಗೆಯ ಜೊತೆಗೆ ಒಂದು ಕೆಲಸ ಹಚ್ಚಿದ್ದಾರೆ: ದಿನಾ ಹಿಮ್ಮಡಿ, ಬೆನ್ನು ಗೋಡೆಗೆ ಹಚ್ಚಿ ನಿಂತು ತಲೆ ಮುಟ್ಟಿಸಿ ನೋಡಬೇಕು. ಮುಟ್ಟುತ್ತಿದ್ದ ವರ್ಷಗಳಲ್ಲಿ ಅಲ್ಲೊಂದು ತಲೆಯೆಣ್ಣೆಯ ಕಲೆ ಬಿದ್ದಿತ್ತು. ದೀಪಾವಳಿಗೆ ಸುಣ್ಣ ಬಳಿದ ಮೇಲೆ ತಲೆ ಅಲ್ಲಿಗೆ ಮುಟ್ಟದೆ ಗೋಡೆ ಬೆಳ್ಳಗೇ ಉಳಿದಿದೆ. ಇವತ್ತು ಮುಂಜಾನೆಯೂ ಗದ್ದ ಹಿಂದಕ್ಕೆಳೆದು ನಿಂತು, "ತಲಿ ಹತ್ತೈತೇನು?" ಎಂದು ಹೆಂಡತಿ ಸಾವಿತ್ರೆವ್ವನನ್ನು ಕೇಳಿದ. "ಹತ್ತೈತ್ರಿ. ಎಣ್ಣಿ ಕಲಿ ಬಿದ್ದೈತಿ ನೋಡ್ರಿ" ಎಂದಳು. ಅವನು ಪೂರ್ತಿ ತಿರುಗಲು ಹಿಡಿಯುವ ಹೊತ್ತು ಅವಳಿಗೆ ಗೊತ್ತು. ಅವನು ತಿರುಗಿ ನೋಡಿದಾಗ ಹೊಸ ಸುಣ್ಣದ ಮೇಲೆ ಕಲೆಯಿತ್ತು, ಹೆಬ್ಬೆರಳಿನಷ್ಟು ಅಗಲ. ಸಾವಿತ್ರೆವ್ವ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಿದ್ದಳು. "ಹೌದು, ಬಿದ್ದೈತಿ" ಎಂದು ಚನಮಲ್ಲಪ್ಪ ಮಗ್ಗದ ಕಡೆ ನಡೆದ.