ಅವ್ವನ ಎಡೆಗೆ ಕಲ್ಲಂಗಡಿ

ಆಗೆಲ್ಲ ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಮುಂದೆ ಕಲ್ಲಂಗಡಿ ರಾಶಿ ಬಿತ್ತೆಂದರೆ ಯುಗಾದಿ ಹತ್ತಿರ ಬಂತು ಅಂತಲೇ ಲೆಕ್ಕ. ಒಣಹುಲ್ಲಿನ ಮೇಲೆ ಹಣ್ಣಿನ ಗುಡ್ಡೆ ಹಾಕಿಕೊಂಡು ಬಾಷಣ್ಣ ಕೂರುತ್ತಿದ್ದ. ಒಂದು ಹಣ್ಣಿಗೆ ಮೂರು ಮೂಲೆಯ ತೂತು ಕೊರೆದು, ಕೆಂಪು ತುಂಡನ್ನು ಚಾಕುವಿನ ತುದಿಗೆ ಸಿಕ್ಕಿಸಿ, "ಲಾಲ್ ಐತೆ ನೋಡ್ರೀ, ಲಾಲ್!" ಎಂದು ಕೂಗುತ್ತಿದ್ದ. ಎಣ್ಣೆ ಮಿಲ್ಲುಗಳಿಂದ ಬರುವ ಶೇಂಗಾ ಹಿಂಡಿಯ ವಾಸನೆ, ಕಾದ ಡಾಂಬರಿನ ವಾಸನೆ, ಅವೆರಡರ ನಡುವೆ ಒಡೆದ ಹಣ್ಣಿನ ತಣ್ಣನೆಯ ವಾಸನೆ. ಶಾಲೆ ಬಿಟ್ಟ ಮೇಲೆ ಸುತ್ತುಬಳಸಾದರೂ ನಾವು ಆ ದಾರಿಯನ್ನೇ ಹಿಡಿಯುತ್ತಿದ್ದೆವು. ನೀವೂ ಹಿಡಿದಿರುತ್ತೀರಿ, ಸುಳ್ಳು ಹೇಳಬೇಡಿ.

ನಮ್ಮ ಮನೆಯಲ್ಲಿ ಕಲ್ಲಂಗಡಿ ಅಂದರೆ ಅವ್ವ. ಅವಳ ತವರು ಮೊಳಕಾಲ್ಮೂರಿನಿಂದಾಚೆ, ದೇವಸಮುದ್ರದ ಕಡೆಯ ಒಂದು ಸಣ್ಣ ಊರು. ಅಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಬೇಸಿಗೆಯಲ್ಲಿ ಅವರು ಹಳ್ಳದ ಮರಳಿನಲ್ಲಿ ಗುಣಿ ತೋಡಿ ಬಳ್ಳಿ ಹಬ್ಬಿಸುತ್ತಿದ್ದರಂತೆ. ಮದುವೆಯಾಗಿ ಹತ್ತು ವರ್ಷ ಕಳೆದರೂ ಅವಳ ಬಾಯಲ್ಲಿ ಅದು ಕಲ್ಲಂಗಡಿ ಆಗಲೇ ಇಲ್ಲ, ಪುಚ್ಚಕಾಯ ಆಗಿಯೇ ಉಳಿಯಿತು. ಅಜ್ಜಿ, ಅಂದರೆ ನಮ್ಮ ಅಪ್ಪನ ಅವ್ವ, ಬಿಡುವ ಹೆಂಗಸಲ್ಲ. "ಬಂತಪ್ಪ ಹುಚ್ಚಕಾಯಿ, ದಾರಿ ಬಿಡ್ರಿ" ಎಂದು ಕಾಡುತ್ತಿದ್ದಳು.

"ಹ್ಞೂ ಕಣತ್ತೆ, ಹುಚ್ಚಕಾಯಿ ತಿಂದೇ ಈ ಮನೆಗೆ ಬಂದಿದ್ದು. ಬುದ್ಧಿ ನೆಟ್ಟಗಿದ್ದಿದ್ರೆ ಬರ್ತಿದ್ನಾ?" ಅನ್ನುತ್ತಿದ್ದಳು ಅವ್ವ. ಅಜ್ಜಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ನಮ್ಮ ಕಡೆ ಕೆಂಪು ತಿಂದು ಸಿಪ್ಪೆಯನ್ನು ಎಮ್ಮೆಯ ಮುಂದೆ ಎಸೆಯುವುದು ರೂಢಿ. ಅವ್ವ ಹಸಿರು ಸಿಪ್ಪೆಯನ್ನು ಮಾತ್ರ ತೆಳ್ಳಗೆ ಹೆರೆದು ಎಮ್ಮೆಗೆ ಕೊಡುತ್ತಿದ್ದಳು. ನಡುವಿನ ಬಿಳಿ ಭಾಗವನ್ನು ಹೆಚ್ಚಿ, ಸಾಸಿವೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಹುರಿದ ಶೇಂಗಾ ಪುಡಿ ಉದುರಿಸಿದರೆ ಅದು ಪಲ್ಯ. ಅದನ್ನೇ ತೊಗರಿಬೇಳೆಯ ಜೊತೆ ಬೇಯಿಸಿ ಹುಣಸೆಹುಳಿ ಬಿಟ್ಟರೆ ಪಪ್ಪು. ಬೀಜ ತೊಳೆದು ಮೊರದಲ್ಲಿ ಒಣಗಿಸಿ, ಒಣಮೆಣಸಿನಕಾಯಿಯ ಜೊತೆ ಹುರಿದು ಕುಟ್ಟಿದರೆ ರೊಟ್ಟಿಗೆ ಚಟ್ನಿಪುಡಿ. "ಎಮ್ಮೆ ಬಾಯಿಂದ ಕಿತ್ಕೊಂಡು ಅಡಿಗೆ ಮಾಡ್ತಾಳಲ್ಲಪ್ಪ ಇವ್ಳು" ಎಂದು ಗೊಣಗುತ್ತಲೇ ಅಜ್ಜಿ ಇನ್ನೊಂದು ಸಲ ಬಡಿಸಿಕೊಳ್ಳುತ್ತಿದ್ದಳು. ಯುಗಾದಿಯ ದಿನ ಹೋಳಿಗೆಯ ಪಕ್ಕದಲ್ಲಿ ಆ ಪಲ್ಯ ಇರಲೇಬೇಕು. ನಾನು, ತಮ್ಮ ತಿಪ್ಪೇಶ ಹಿತ್ತಲಿನಲ್ಲಿ ನಿಂತು ಯಾರ ಬೀಜ ದೂರ ಹೋಗುತ್ತದೆ ಎಂದು ಪಂದ್ಯ ಕಟ್ಟಿ ಉಗಿಯುತ್ತಿದ್ದೆವು.

ನನಗೆ ಹತ್ತು ವರ್ಷ, ತಿಪ್ಪೇಶನಿಗೆ ಇನ್ನೂ ಐದು ತುಂಬಿರಲಿಲ್ಲ. ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅವ್ವನಿಗೆ ಜ್ವರ ಬಂತು. ಮೊದಲು ಮಾತ್ರೆ, ಆಮೇಲೆ ಸೂಜಿ, ಆಮೇಲೆ ದುರ್ಗದ ಆಸ್ಪತ್ರೆ. ಆಟೋ ಹತ್ತುವಾಗ ತಿಪ್ಪೇಶ ಅವಳ ಸೆರಗು ಹಿಡಿದು ಬಿಡಲಿಲ್ಲ. ಹೊರಡುವವರು ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಅವ್ವ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಬರ್ತೀನಿ ನಾಯನಾ" ಅಂದಳು. ಮುದ್ದು ಬಂದಾಗ ಅವಳ ಬಾಯಿಗೆ ತೆಲುಗೇ ಬರುತ್ತಿತ್ತು.

ಅವಳು ಬಂದಾಗ ತಿಪ್ಪೇಶ ಮನೆಯಲ್ಲಿರಲಿಲ್ಲ. ಮಗು ನೋಡುವುದು ಬೇಡವೆಂದು ಅವನನ್ನು ದೊಡ್ಡವ್ವನ ಊರಿಗೆ ಕಳಿಸಿದ್ದರು. ದೊಡ್ಡವ್ವ ಎಂದರೆ ಅವ್ವನ ಅಕ್ಕ. ನಾನು ಎಲ್ಲವನ್ನೂ ನೋಡಿದೆ. ಅದನ್ನು ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ, ಬಿಟ್ಟುಬಿಡುತ್ತೇನೆ.

ತಿಥಿ ಎಲ್ಲ ಮುಗಿದ ಮೇಲೆ ತಿಪ್ಪೇಶನನ್ನು ಕರೆತಂದರು. ಬಂದವನೇ ಮನೆಯೆಲ್ಲ ಹುಡುಕಿ, "ಅವ್ವ ಎಲ್ಲಿ?" ಅಂದ. ಅಪ್ಪ ಎದ್ದು ಹಿತ್ತಲಿಗೆ ಹೋದರು. ಪಕ್ಕದ ಮನೆಯವರು ಆಸ್ಪತ್ರೆ ಅಂದರು, ಇನ್ಯಾರೋ ದೇವರ ಮನೆ ಅಂದರು. ಕೊನೆಗೆ ಅಜ್ಜಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದಳು: "ಯುಗಾದಿಗೆ ಬರ್ತಾಳೆ ಕಣಪ್ಪ."

ಅಜ್ಜಿ ಸುಳ್ಳು ಹೇಳಲಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಮುಂದೆ ಬರುವ ಯುಗಾದಿಯಿಂದ ವರ್ಷವರ್ಷವೂ ಅವರಿಗೆ ಎಡೆ ಇಡುತ್ತಾರೆ. ಅವರು ಇಷ್ಟಪಟ್ಟು ಉಣ್ಣುತ್ತಿದ್ದುದನ್ನೆಲ್ಲ ಎಲೆಯಲ್ಲಿ ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದುಕೊಂಡು ನಿಲ್ಲುತ್ತಾರೆ. ಒಳಗೆ ಸತ್ತವರು ಬಂದು ಉಂಡು ಹೋಗುತ್ತಾರೆ ಎಂದು ನಂಬಿಕೆ. ಅಜ್ಜಿ ತನ್ನ ಗಂಡನಿಗೆ, ತನ್ನ ಅತ್ತೆಗೆ ಹಾಗೆ ಎಡೆ ಇಟ್ಟವಳು. ಬರ್ತಾರೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ತಿಪ್ಪೇಶ ಆ ಮಾತನ್ನು ಹಿಡಿದದ್ದು ಬೇರೆ ರೀತಿ. ಬಸ್ಸಿನಲ್ಲಿ, ಬ್ಯಾಗು ಹಿಡಿದುಕೊಂಡು, ಅವ್ವ ಬರುತ್ತಾಳೆ ಎಂದು ಅವನು ತಿಳಿದ.

ಅವತ್ತಿನಿಂದ ಅವನು ಅಳಲಿಲ್ಲ. ಊರಿಗೆಲ್ಲ ಸುದ್ದಿ ಹಬ್ಬಿಸಿದ. ಎಮ್ಮೆಗೆ ಹೇಳಿದ, ಅಂಗನವಾಡಿ ಟೀಚರಿಗೆ ಹೇಳಿದ. ಬೀದಿಯ ತುದಿಯಲ್ಲಿ ಬಸ್ಸು ನಿಂತ ಸದ್ದಾದರೆ ಉಣ್ಣುತ್ತಿದ್ದ ಕೈಯಲ್ಲೇ ಓಡುತ್ತಿದ್ದ. ಒಂದು ದಿನ ನನ್ನ ಕೈ ಹಿಡಿದುಕೊಂಡು ಬಾಷಣ್ಣನ ಮುಂದೆ ನಿಂತು, "ನಮ್ಮವ್ವ ಯುಗಾದಿಗೆ ಬರ್ತಾಳೆ, ದೊಡ್ಡದೊಂದು ಎತ್ತಿಡ್ರಿ" ಅಂದ. ಬಾಷಣ್ಣನಿಗೆ ಎಲ್ಲ ಗೊತ್ತಿತ್ತು. ಅವನು ನನ್ನ ಮುಖ ನೋಡಿದ, ಮತ್ತೆ ಗುಡ್ಡೆಯ ಕಡೆ ತಿರುಗಿ, "ಇಟ್ಟಿರ್ತೀನಿ ಬೇಟಾ" ಅಂದ.

ಹಬ್ಬ ಹತ್ತಿರ ಬಂತು. ಬೀದಿಯ ಮನೆಗಳೆಲ್ಲ ಸುಣ್ಣ ಬಳಿದುಕೊಂಡವು, ನಮ್ಮ ಗೋಡೆ ಹಾಗೇ ಇತ್ತು. ಸಾವಿನ ವರ್ಷ ತೋರಣ ಇಲ್ಲ, ಹೊಸ ಬಟ್ಟೆ ಇಲ್ಲ, ಹೋಳಿಗೆ ಇಲ್ಲ. ಎಡೆಯೊಂದೇ. ತಿಪ್ಪೇಶ ಇದನ್ನೆಲ್ಲ ಗಮನಿಸುತ್ತಿದ್ದ. ಒಂದು ಸಂಜೆ ಬೇಳೆಯ ಡಬ್ಬಿಯನ್ನು ಅಜ್ಜಿಯ ಮುಂದೆ ತಂದಿಟ್ಟು ಗಂಟಲು ಹರಿಯುವಂತೆ ಅಳತೊಡಗಿದ. "ಹೋಳಿಗೆ ಮಾಡು. ಹಬ್ಬ ಮಾಡ್ಲಿಲ್ಲಾಂದ್ರೆ ಅವ್ವ ಹೆಂಗ್ ಬರ್ತಾಳೆ?"

ಅಡಿಗೆಗೆಂದು ಆಗಷ್ಟೇ ಊರಿಂದ ಬಂದು ಕೈಕಾಲು ತೊಳೆಯುತ್ತಿದ್ದ ದೊಡ್ಡವ್ವ ಅವನನ್ನು ಎತ್ತಿಕೊಂಡಳು. "ಹೋಳಿಗೆ ಯಾರಿಗೆ ಬೇಕು ನಾಯನಾ? ನಿಮ್ಮವ್ವಂಗೆ ಬೇಕಾಗಿದ್ದು ಅದಲ್ಲ" ಅಂದು ಅಜ್ಜಿಯ ಕಡೆ ತಿರುಗಿದಳು. "ಅತ್ತೆ, ಎಡೆಗೆ ಎಲ್ಲಾ ಅದ್ರಲ್ಲೇ ಮಾಡ್ತೀನಿ. ನೀವು ಬ್ಯಾಡ ಅನ್ಬ್ಯಾಡ್ರಿ."

ಅಜ್ಜಿ ಬೇಳೆಯ ಡಬ್ಬಿಯ ಮುಚ್ಚಳ ಹಾಕುತ್ತಾ, "ಮಾಡವ್ವ. ಆ ಪುಚ್ಚಕಾಯನೇ ಮಾಡು" ಅಂದಳು. ಅಜ್ಜಿಯ ಬಾಯಲ್ಲಿ ಆ ಹೆಸರು ಸರಿಯಾಗಿ ಬಂದದ್ದು ಅದೇ ಮೊದಲು. ದೊಡ್ಡವ್ವನ ಕಣ್ಣು ತುಂಬಿತು.

ಯುಗಾದಿಯ ಬೆಳಿಗ್ಗೆ ಅಪ್ಪ ಬಾಷಣ್ಣ ಎತ್ತಿಟ್ಟಿದ್ದ ಹಣ್ಣನ್ನು ಹೆಗಲ ಮೇಲೆ ಹೊತ್ತು ತಂದರು. ದೊಡ್ಡವ್ವ ಈಳಿಗೆಯ ಮುಂದೆ ಕೂತಳು. ಹಣ್ಣು ಬಾಯಿ ಬಿಟ್ಟಾಗ ಬಂದ ವಾಸನೆಗೆ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅವ್ವ ಬಿಟ್ಟು ಬೇರೆಯವರು ನಮ್ಮ ಅಡಿಗೆಮನೆಯಲ್ಲಿ ಅದನ್ನು ಹೆಚ್ಚಿದ್ದನ್ನು ನಾನು ನೋಡಿರಲಿಲ್ಲ. ಪಲ್ಯ ಆಯಿತು, ಪಪ್ಪು ಆಯಿತು. ಹೋಳಿಗೆಯ ಜಾಗಕ್ಕೆಂದು ಬಿಳಿ ಭಾಗವನ್ನು ತುರಿದು, ಹಿಂಡಿ, ಬೆಲ್ಲ ಏಲಕ್ಕಿ ಹಾಕಿ ಕೆದಕಿ ಕೆದಕಿ ಗಟ್ಟಿಯಾದ ಒಂದು ಸಿಹಿ ಮಾಡಿದಳು. ಹಣ್ಣಿನ ರಸಕ್ಕೆ ನಿಂಬೆ ಹಿಂಡಿ ಪಾನಕ ಮಾಡಿದಳು. ತಿಪ್ಪೇಶ ತಾನೇ ಸ್ನಾನ ಮಾಡಿ, ತಲೆಗೆ ಎಣ್ಣೆ ಮೆತ್ತಿಕೊಂಡು, ಅಡ್ಡಬೈತಲೆ ತೆಗೆದುಕೊಂಡು ಬಂದು ಒಲೆಯ ಹತ್ತಿರ ಕಾವಲು ಕೂತ. ಹಣ್ಣಿನ ನಟ್ಟನಡುವಿನ ಬೀಜವಿಲ್ಲದ ತಿರುಳಿಗೆ ನಾನು ಕೈ ಹಾಕಿದರೆ, "ಅದು ಅವ್ವಂದು!" ಎಂದು ಕೈಗೆ ಹೊಡೆದ.

ನಡುಮನೆಯಲ್ಲಿ ಮಣೆ ಹಾಕಿ, ಅದರ ಮೇಲೆ ಅವ್ವನ ಧಾರೆಯ ಮೊಳಕಾಲ್ಮೂರು ಸೀರೆ ಮಡಿಚಿಟ್ಟು, ಮುಂದೆ ಬಾಳೆ ಎಲೆ ಹಾಸಿ ಬಡಿಸಿದರು. ದೀಪ ಹಚ್ಚಿದರು. ಎಲ್ಲರೂ ಹೊರಗೆ ಬಂದೆವು. ಅಪ್ಪ ಬಾಗಿಲು ಎಳೆದರು.

"ಅವ್ವ ಒಳಗೆ ಬಂದ್ಳಾ?" ತಿಪ್ಪೇಶ ಕೇಳಿದ.

"ಬಂದವ್ಳೆ, ಸುಮ್ನಿರು" ಅಂದಳು ಅಜ್ಜಿ. "ಉಣ್ಣಾಗ ಬಾಗ್ಲು ತೆಗೀಬಾರ್ದು. ತೆಗೆದ್ರೆ ಉಣ್ಣದೇ ಎದ್ದು ಹೋಗ್ತಾರೆ."

ಅವನು ಬಾಗಿಲಿಗೆ ಕಿವಿ ಹಚ್ಚಿದ. ಬಿಸಿಲು ಚುರುಗುಟ್ಟುತ್ತಿತ್ತು, ಪಕ್ಕದ ಮನೆಯಿಂದ ಹೋಳಿಗೆ ಬೇಯುವ ತುಪ್ಪದ ವಾಸನೆ ಬರುತ್ತಿತ್ತು. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮುಂದೆಂದೂ ನೋಡಲಿಲ್ಲ. ಎಷ್ಟು ಹೊತ್ತು ತಡೆದುಕೊಂಡಾನು? ಎರಡು ತಿಂಗಳಿಂದ ಕಾದ ಮಗು. ಯಾರಾದರೂ ಹಿಡಿಯುವುದರೊಳಗೆ ಎರಡೂ ಕೈಯಿಂದ ಬಾಗಿಲು ದೂಡಿ, "ಅವ್ವಾ!" ಎಂದು ಕೂಗುತ್ತಾ ಒಳಗೆ ನುಗ್ಗಿದ.

ದೀಪ ಉರಿಯುತ್ತಿತ್ತು. ಸೀರೆ ಇಟ್ಟಲ್ಲೇ ಇತ್ತು. ಅವನು ಬಾಗಿಲ ಸಂದಿಯಲ್ಲಿ ನೋಡಿದ, ಅಡಿಗೆಮನೆಯಲ್ಲಿ ನೋಡಿದ, ಹಿತ್ತಲಿಗೂ ಹೋಗಿ ಬಂದ. ಆಮೇಲೆ ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ನೋಡತೊಡಗಿದ. "ಪಲ್ಯ ಹಂಗೇ ಐತೆ. ಹಣ್ಣೂ ಹಂಗೇ ಐತೆ." ತಲೆಯೆತ್ತಿ ನಮ್ಮನ್ನು ನೋಡಿದ. "ನಾನು ಬಾಗ್ಲು ತೆಗ್ದೆ ಅಂತ ಅವ್ವ ಉಣ್ಣದೇ ಹೋದ್ಳಾ?"

ಅವನು ಎಲೆಯ ಮೇಲೆ ಬಗ್ಗಿ, "ಇನ್ನ ತೆಗೆಯಲ್ಲ ಅವ್ವ, ಬಾರವ್ವ, ತೆಗೆಯಲ್ಲ" ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ.

ಅಪ್ಪ ಒಳಗೆ ಹೋಗಿ ಅವನ ಎರಡೂ ಕೈ ಹಿಡಿದರು. ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ ಒರಟು ಕೈ ಅವು. ಅವ್ವ ಸತ್ತಾಗಿನಿಂದ ಅಪ್ಪ ನಮ್ಮೊಂದಿಗೆ ಮಾತಾಡಿದ್ದೇ ಕಡಿಮೆ. "ನೀನು ಓಡ್ಸಿಲ್ಲ ಕಣೋ ಮಗನೆ" ಅಂದರು. "ಅವ್ವ ಬಂದೇ ಇಲ್ಲ. ಇನ್ಯಾವತ್ತೂ ಬರಲ್ಲ. ಸತ್ತೋದ್ಳು. ಆಸ್ಪತ್ರೇಲೇ ಸತ್ತೋದ್ಳು."

"ಹಬ್ಬದ ದಿನ, ಎಡೆ ಮುಂದೆ, ಎಂಥ ಮಾತಾಡ್ತೀಯೋ!" ಎಂದು ಅಜ್ಜಿ ಕೂಗಿಕೊಂಡಳು.

"ಮತ್ತೇನು ಹೇಳ್ಲವ್ವ? ತಾನೇ ಅವಳನ್ನ ಓಡಿಸ್ದೆ ಅಂದ್ಕೊಂಡು ಇವ್ನು ಬೆಳೀಬೇಕಾ?"

ತಿಪ್ಪೇಶ ಅಪ್ಪನ ಮುಖವನ್ನೇ ನೋಡುತ್ತಿದ್ದ. "ಹಂಗಾದ್ರೆ ಬಾಗ್ಲು ಯಾಕೆ ಹಾಕಿದ್ರಿ?" ಅಂದ.

ಅಪ್ಪ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಡೆಯ ಎಲೆಯಿಂದಲೇ ಅನ್ನ ಪಪ್ಪು ಕಲಸಿ ಬಾಯಿಗಿಟ್ಟರು. ಮೊದಲ ತುತ್ತು ಉಗಿದ, ಎರಡನೆಯದನ್ನು ನುಂಗಿದ. ಆಮೇಲೆ ನಾವೂ ಸುತ್ತ ಕೂತು ಉಂಡೆವು. ಪಲ್ಯ ಬಹಳ ರುಚಿಯಾಗಿತ್ತು. ಅವ್ವ ಮಾಡಿದಂತೆಯೇ ಇತ್ತು. ಅದು ರುಚಿಯಾಗಿತ್ತಲ್ಲ ಎಂದು ನನಗೆ ಆಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅದಾದ ಮೇಲೆ ತಿಪ್ಪೇಶ ಅವ್ವನನ್ನು ಒಂದು ದಿನವೂ ಕೇಳಲಿಲ್ಲ. ಬೀದಿಯ ತುದಿಯಲ್ಲಿ ಬಸ್ಸು ನಿಂತರೆ ತಲೆ ಎತ್ತಲಿಲ್ಲ.

ಈಗ ಅಜ್ಜಿ ಇಲ್ಲ, ದೊಡ್ಡವ್ವ ಇಲ್ಲ. ಅಪ್ಪನಿಗೆ ವಯಸ್ಸಾಗಿದೆ, ತಿಪ್ಪೇಶನ ಜೊತೆಗಿದ್ದಾರೆ. ತಿಪ್ಪೇಶ ಕುದಾಪುರದ ಕಡೆಯ ಒಂದು ಕ್ಯಾಂಪಸ್ಸಿಗೆ ವ್ಯಾನ್ ಓಡಿಸುತ್ತಾನೆ. ಕಲ್ಲಂಗಡಿ ಈಗ ವರ್ಷವಿಡೀ ಸಿಗುತ್ತದೆ. ಹೊಳೆಯುವ ಸಿಪ್ಪೆಯ ಮೇಲೆ ಚೀಟಿ ಅಂಟಿಸಿರುತ್ತಾರೆ, ಕೆಲವಕ್ಕೆ ಬೀಜವೇ ಇರುವುದಿಲ್ಲ, ಚಟ್ನಿಪುಡಿಯ ಮಾತು ಅಲ್ಲಿಗೆ ಮುಗಿಯಿತು. ಆದರೂ ಯುಗಾದಿಗೆ ತವರಿಗೆ ಹೋದಾಗ ನಾನು ಆ ಪಲ್ಯ, ಆ ಪಪ್ಪು ಮಾಡುತ್ತೇನೆ. ಹೋದ ಯುಗಾದಿಗೆ ತಿಪ್ಪೇಶ ಉಣ್ಣುತ್ತಾ, ಇಷ್ಟು ವರ್ಷದಲ್ಲಿ ಮೊದಲ ಸಲ, "ಚೆನ್ನಾಗೈತೆ ಕಣಕ್ಕ, ಇದನ್ನ ಎಲ್ಲಿ ಕಲಿತೆ?" ಅಂದ.

ನಾನು ಅವನ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಅವನಿಗೆ ಆ ದಿನ ನೆನಪಿಲ್ಲ. ಹಣ್ಣೂ ಇಲ್ಲ, ಎಡೆಯೂ ಇಲ್ಲ, ಅವ್ವನೂ ಇಲ್ಲ. "ಅವ್ವ ಎತ್ತರ ಇದ್ಳಾ?" ಎಂದು ಕೇಳಿದ, ಯಾರದೋ ಮನೆಯ ಹೆಂಗಸಿನ ವಿಚಾರ ಕೇಳಿದ ಹಾಗೆ. ಇದ್ದಳು ಅಂದೆ. ಹೇಗೆ ಮಾತಾಡುತ್ತಿದ್ದಳು ಎಂದು ಕೇಳಿದ್ದರೆ ನನ್ನ ಹತ್ತಿರವೂ ಉತ್ತರವಿರಲಿಲ್ಲ. ಅವಳ ಮಾತುಗಳು ನನಗೆ ನೆನಪಿವೆ, ದನಿ ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಅಪ್ಪ ಅವತ್ತು ಹೇಳಿದ್ದು ಸರಿ. ಬೇರೆ ದಾರಿ ಇರಲಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ. ಆದರೂ ಸಂಕ್ರಾಂತಿಯಾಚೆಯ ಆ ಎರಡು ತಿಂಗಳನ್ನು ನೆನೆದರೆ ನನ್ನ ಎದೆ ಒಡೆಯುತ್ತದೆ. ನಾವೆಲ್ಲ ಅತ್ತು ಮುಗಿಸಿದ ಮೇಲೂ ಆ ಮನೆಯಲ್ಲಿ ಒಂದು ಮಗು ಅವ್ವನಿಗಾಗಿ ತಲೆ ಬಾಚಿಕೊಂಡು ಕಾಯುತ್ತಿತ್ತು. ಅಲ್ಲಿಯವರೆಗೆ ಅವಳು ಪೂರ್ತಿ ಹೋಗಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಈಗ ಎಡೆ ಇಟ್ಟು ಹೊರಗೆ ಬಂದಾಗ ನಾವು ಮಕ್ಕಳ ಶಾಲೆಯ ವಿಷಯ, ಬಿಸಿಲಿನ ವಿಷಯ ಮಾತಾಡುತ್ತಾ ನಿಲ್ಲುತ್ತೇವೆ. ಅವಳು ಬರುತ್ತಾಳೆಂದು ಕಾಯುವವರು ನಮ್ಮಲ್ಲಿ ಒಬ್ಬರೂ ಉಳಿದಿಲ್ಲ.