ಅಪ್ಪನ ವೆಬ್‌ಸೈಟು, ಮಾವನ ಒಟಿಪಿ

ನಮ್ಮಪ್ಪ ಕಟ್ಟುಹಲ್ಲು ಮಾಡುವವರು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ಅಪ್ಪ ಹಿಂದಿನ ಕೋಣೆಯಲ್ಲಿ ಕೂತು ಮೇಣ ಕರಗಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುತ್ತಾರೆ. ನಮ್ಮ ಮನೆಯಲ್ಲಿ ಯಾವ ಲೋಟ ಎತ್ತಿಕೊಂಡರೂ ಒಳಗೆ ಯಾರದೋ ನಗು ಇರುತ್ತದೆ. ಇಷ್ಟು ಜನರ ಬಾಯಿ ಸರಿಮಾಡಿದ ಮನುಷ್ಯನಿಗೆ ತನ್ನ ಬಾಯಿ ಹಿಡಿತದಲ್ಲಿಟ್ಟುಕೊಳ್ಳಲು ಬರುವುದಿಲ್ಲ ಎಂಬುದೇ ನನ್ನ ಸಿಟ್ಟು.

ಅಪ್ಪನಿಗೆ ವೆಬ್‌ಸೈಟ್ ಮಾಡಿಕೊಟ್ಟವನು ಸೋದರಮಾವ, ಅಮ್ಮನ ಅಣ್ಣ. ಡೊಮೇನ್ ಹೆಸರನ್ನೂ, ಅಂದರೆ ವೆಬ್‌ಸೈಟಿನ ವಿಳಾಸವನ್ನೂ, ಅವನೇ ತನ್ನ ಫೋನ್ ನಂಬರ್ ಕೊಟ್ಟು ನೋಂದಾಯಿಸಿದ. ಆಗ ಇಬ್ಬರೂ ಗಳಸ್ಯ ಕಂಠಸ್ಯ. ಆಮೇಲೆ ಅಪ್ಪ ಮಾವನಿಗೂ ಒಂದು ಸೆಟ್ ಹಲ್ಲು ಮಾಡಿಕೊಟ್ಟರು. ಮಾವ ನಾಲ್ಕು ಜನರ ಮುಂದೆ, "ಮಾತಾಡಿದ್ರೆ ಕತ್ತರಿ ಆಡಿಸ್ದಂಗೆ ಸದ್ದು ಬರುತ್ತೆ" ಎಂದ. "ಹಲ್ಲು ಸರಿಯಾಗೇ ಇದೆ, ಬಾಯೇ ಸರಿಯಿಲ್ಲ" ಎಂದರು ಅಪ್ಪ. ಅಲ್ಲಿಗೆ ಮಾತೂ ನಿಂತಿತು, ಹೋಗಿಬರುವುದೂ ನಿಂತಿತು. ಗಂಡ ಹೋಗದ ಮನೆಗೆ ತಾನೊಬ್ಬಳೇ ಹೋಗುವುದಿಲ್ಲ ಎಂದು ಅಮ್ಮನೂ ಹಟ ಹಿಡಿದಳು. ಹಟ ಹಿಡಿದು ಒಳಗೊಳಗೇ ಕೊರಗಿದಳು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಲ್ಲಿ ಭಾವ ಭಾವಮೈದುನರ ಜಗಳದಲ್ಲಿ ಅಮ್ಮ ಬಡವಾದಳು.

ಆದರೆ ಡೊಮೇನ್ ಹೆಸರು ಒಮ್ಮೆ ಕೊಂಡರೆ ಮುಗಿಯುವಂಥದ್ದಲ್ಲ. ವರ್ಷವರ್ಷವೂ ನವೀಕರಿಸದಿದ್ದರೆ ಕೈತಪ್ಪುತ್ತದೆ. ನವೀಕರಿಸಲು ಒಟಿಪಿ ಬೇಕು, ಅದು ಬರುವುದು ಮಾವನ ಫೋನಿಗೆ. ಮಾವ ಅದನ್ನು ಕರೆ ಮಾಡಿ ಹೇಳುವ ಪೈಕಿಯಲ್ಲ.

"ಯಾರಿಗೂ ಹೇಳಬೇಡಿ ಅಂತ ಅದ್ರಲ್ಲೇ ಬರೆದಿದೆ. ಬೇಕಾದವ್ರು ಬಂದು ನೋಡ್ಕೊಳ್ಳಲಿ."

ಹೀಗಾಗಿ ವರ್ಷಕ್ಕೊಂದು ಸಲ ನಾವು ಮೂವರೂ ಮಾವನ ಮನೆಗೆ ಹೋಗುತ್ತೇವೆ. ಅಮ್ಮ ಹಿಂದಿನ ದಿನದಿಂದಲೇ ತಲೆ ಬಾಚಿಕೊಳ್ಳಲು ಶುರುಮಾಡುತ್ತಾಳೆ.

ಈ ಸಲ ಹೋದದ್ದು ಕೊನೆಯ ದಿನ. ಅಂದು ತಪ್ಪಿದರೆ ಹೆಸರು ಹೋದಂತೆಯೇ. ಅಮ್ಮ ಹೋದವಳೇ ಅಣ್ಣನ ಅಂಗಿ ಎತ್ತಿಕೊಂಡು ಕಿತ್ತ ಗುಂಡಿ ಹೊಲಿಯಲು ಕೂತಳು. ನಾನು ಕಂಪ್ಯೂಟರಿನ ಮುಂದೆ ಕೂತೆ. ಮಾವನ ಫೋನ್ ಗುಂಯ್ ಎಂದಿತು.

"ಬಂತಾ ಅಂತ ನಿಮ್ಮಣ್ಣನ್ನ ಕೇಳು," ಎಂದರು ಅಪ್ಪ, ಅಮ್ಮನಿಗೆ.

"ಬಂತು ಅಂತ ನಿನ್ನ ಗಂಡಂಗೆ ಹೇಳು," ಎಂದ ಮಾವ.

"ಬಂತಂತೆ," ಎಂದಳು ಅಮ್ಮ.

"ಮೊದಲ್ನೇ ಅಂಕಿ ಎಷ್ಟು ಅಂತ ಕೇಳು."

ಒಂದೊಂದು ಅಂಕಿಯೂ ಹೀಗೆ ಅಮ್ಮನನ್ನು ಸುತ್ತಿಕೊಂಡು ಬರುವಷ್ಟರಲ್ಲಿ ಒಟಿಪಿಯ ಅವಧಿಯೇ ಮುಗಿಯಿತು. ಇನ್ನೊಂದು ತರಿಸಿದೆ. ಅದರ ಹಣೆಬರಹವೂ ಅದೇ. ಮತ್ತೆ ತರಿಸಿದಾಗ ಮಾವನ ಕೈಯಿಂದ ಫೋನನ್ನೇ ಕಿತ್ತುಕೊಂಡು ನಾನೇ ನೋಡಿ ಒತ್ತಿದೆ.

ಎಷ್ಟು ವರ್ಷಕ್ಕೆ ಎಂದು ಪರದೆ ಕೇಳಿತು.

"ಹತ್ತು ವರ್ಷಕ್ಕೆ ಒಟ್ಟಿಗೇ ಹಾಕ್ತೀನಿ," ಎಂದೆ. "ಆಮೇಲೆ ಯಾರೂ ಯಾರ ಮನೆಗೂ ಬರೋದು ಬೇಡ, ಈ ಕರ್ಮಾನೂ ಬೇಡ."

ಅಮ್ಮನ ಸೂಜಿ ಅಲ್ಲೇ ನಿಂತಿತು. ಮಾವ ತಿರುಗದ ಫ್ಯಾನನ್ನು ನೋಡತೊಡಗಿದ. ಆಡಿದ ಮಾತು ವಾಪಸ್ ಬರುತ್ತದೆಯೇ? ಅಪ್ಪ ಗಂಟಲು ಸರಿಮಾಡಿಕೊಂಡು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಮಾವನ ಮುಖವನ್ನೇ ನೋಡಿ ಮಾತಾಡಿದರು.

"ಅಷ್ಟು ದೂರದ್ದೆಲ್ಲ ಈಗ್ಲೇ ಯಾಕೆ ಭಾವ?"

"ಅದೇ ನಾನೂ ಅಂದ್ಕೊಂಡೆ," ಎಂದ ಮಾವ. "ಒಂದು ವರ್ಷ ಸಾಕು."

ಅಮ್ಮ ಎದ್ದು ಬಂದು ನನ್ನ ಹೆಗಲ ಮೇಲಿಂದ ಪರದೆಗೆ ಬಗ್ಗಿ ನೋಡಿದಳು.

"ಆರು ತಿಂಗಳದ್ದು ಇಲ್ವೇನೇ?" ಎಂದು ಕೇಳಿದಳು.