ನೋಡದೆ ಹೂಂ ಅಂದ ಟೆಸ್ಟು

ನಮ್ಮಕ್ಕ ಹುಟ್ಟಾ ಅನುಮಾನದವಳು. ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುತ್ತಾಳೆ. ನಮ್ಮ ಭಾವ ಅದಕ್ಕೆ ಪೂರಾ ಉಲ್ಟಾ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಮನೆ ಹೊತ್ತಿಕೊಂಡರೂ "ಹೂಂ" ಅನ್ನುವ ಪೈಕಿ. ಇವರಿಬ್ಬರ ಮೇಲಿನ ಮಹಡಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ನಾನು, ದಿನಾ ಸಂಜೆ ಅಕ್ಕನ ಆಫೀಸಿನ ಗೋಳು ಕೇಳಲು ಸಿಕ್ಕಿಬಿದ್ದ ತಮ್ಮ.

ಅವಳ ಕೆಲಸ ಕರ್ನಲ್ ಎನ್ನುವುದರ ಮೇಲೆ. ಕಂಪ್ಯೂಟರಿನ ತಳದಲ್ಲಿ ಕೂತು ಯಾವ ಪ್ರೋಗ್ರಾಮಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ ಎಂದು ನೋಡಿಕೊಳ್ಳುವುದು ಅದೇ ಅಂತೆ. ಅದನ್ನು ಬಳಸುವುದು ಹೇಗೆಂದು ತೋರಿಸಲು ಯಾರೋ ಪುಣ್ಯಾತ್ಮರು ಎಂದೋ ಬರೆದಿಟ್ಟ ಮಾದರಿ ಪ್ರೋಗ್ರಾಮುಗಳಿವೆ. ಕರ್ನಲ್ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಟೆಸ್ಟುಗಳಿವೆ. ಕರ್ನಲ್ ಬದಲಾಗುತ್ತಾ ಹೋಯಿತು, ಇವು ಮಾತ್ರ ಇದ್ದಲ್ಲೇ ಇದ್ದವು. ಇವನ್ನೆಲ್ಲ ಹೊಸ ರೀತಿಗೆ ತಿದ್ದುವ ಕೆಲಸವನ್ನು ಅಕ್ಕ ತಾನಾಗಿ ಕೇಳಿ ಪಡೆದಿದ್ದಳು. ವರ್ಷಗಟ್ಟಲೆ ಬೇರೆಯವರು ಹೇಳಿದ್ದಕ್ಕೆ ತಲೆಯಾಡಿಸಿದವಳಿಗೆ ಮೊದಲ ಸಲ ತನ್ನದು ಅನ್ನುವ ಕೆಲಸ ಸಿಕ್ಕಿತ್ತು.

ಮೊದಲು ಕೈ ಹಾಕಿದ್ದು ಮೆಮೊರಿಯ ಒಂದು ಹಳೇ ಟೆಸ್ಟಿಗೆ. ಅದರ ಒಳಗಿನ ಲೆಕ್ಕಾಚಾರ ಮುಟ್ಟಲಿಲ್ಲ, ಫಲಿತಾಂಶ ಹೇಳುವ ರೀತಿಯನ್ನಷ್ಟೇ ಬದಲಾಯಿಸಿದಳು. ಪಾಸಾದರೆ ಹಸಿರು, ಫೇಲಾದರೆ ಕೆಂಪು, ಪರೀಕ್ಷೆ ಶುರು ಮಾಡಲಿಕ್ಕೇ ಆಗದಿದ್ದರೆ ಹಳದಿ. ಮಾರನೆಯ ದಿನ ಆಫೀಸಿನ ಗೋಡೆಯ ದೊಡ್ಡ ಪರದೆಯಲ್ಲಿ ಎಲ್ಲ ಹಸಿರಿನ ಮಧ್ಯೆ ಅವಳದೊಂದೇ ಹಳದಿ.

"ನೀವು ಮುಟ್ಟೋವರೆಗೂ ಚೆನ್ನಾಗೇ ಇತ್ತಲ್ಲಮ್ಮ," ಅಂದರಂತೆ ಅವಳ ಹೆಡ್ಡು.

ಅಕ್ಕ ತಬ್ಬಿಬ್ಬಾದಳು. ಹಳೆಯದನ್ನು ಓಡಿಸಿದರೆ ಹಸಿರು, ತನ್ನದನ್ನು ಓಡಿಸಿದರೆ ಹಳದಿ. ಬರೆದದ್ದನ್ನು ಸಾಲು ಸಾಲಾಗಿ ಓದಿದಳು, ತಪ್ಪು ಸಿಗಲಿಲ್ಲ. ತಾನೇ ಏನೋ ಕೆಡಿಸಿದ್ದೇನೆ ಎಂದುಕೊಂಡಳೇ ಹೊರತು ಹಳೆಯದನ್ನು ಅನುಮಾನಿಸಬೇಕೆಂದು ಬೀಗ ಜಗ್ಗುವ ನಮ್ಮಕ್ಕನಿಗೂ ಹೊಳೆಯಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಮೇಲೆ ಬೆರಳಲ್ಲಿ ಏನೋ ಗೀಚುತ್ತಿದ್ದಳು.

"ಏನಾಯ್ತಕ್ಕ?"

"ಗೊತ್ತಿಲ್ಲ ಕಣೋ. ನಾನೇ ಸರಿ ಇಲ್ವೇನೋ."

ಕಂಡು ಕೇಳರಿಯದ ಆ ಟೆಸ್ಟಿನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಆ ಭಾನುವಾರ ಒಲೆಯ ಮೇಲೆ ಹಾಲಿಟ್ಟು, ಒಣಗಿದ ಬಟ್ಟೆ ತೆಗೆಯಲು ನನ್ನ ಮಹಡಿಗೆ ಬಂದವಳು ಅಲ್ಲಿಂದಲೇ ಕೂಗಿದಳು, "ರೀ, ಗ್ಯಾಸ್ ಆಫ್ ಮಾಡಿದ್ರಾ?"

"ಹೂಂ."

ನಾವು ಕೆಳಗಿಳಿಯುವಷ್ಟರಲ್ಲಿ ಹಾಲು ಉಕ್ಕಿ, ಇಂಗಿ, ಪಾತ್ರೆ ಕರಕಲು. ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತರೆ ಅಕ್ಕ ಭಾವನ ಮುಖವನ್ನೇ ಪಿಳಿಪಿಳಿ ನೋಡುತ್ತಿದ್ದಾಳೆ.

"ಅಡುಗೆಮನೆ ಕಡೆ ಹೋಗೇ ಇರ್ಲಿಲ್ವಾ?"

"ಏನು ಕೇಳಿದ್ದೆ ನೀನು?" ಅಂದರು ಭಾವ.

ಸೋಮವಾರ ಆಫೀಸಿನಲ್ಲಿ ಅಕ್ಕ ಹಳೇ ಟೆಸ್ಟನ್ನೇ ಬಿಡಿಸಿ ನೋಡಿದಳು, ಅದು ಮಾಡುತ್ತಿದ್ದುದೂ ಇದನ್ನೇ. ಅದು ತೆರೆದು ನೋಡಬೇಕಿದ್ದ ಫೈಲನ್ನು ಕರ್ನಲ್ ಬರೆಯುವವರು ಎಷ್ಟೋ ವರ್ಷಗಳ ಹಿಂದೆ ಬೇರೆ ಜಾಗಕ್ಕೆ ಸಾಗಿಸಿದ್ದರು. ಇದು ಹಳೇ ಜಾಗದಲ್ಲಿ ಹುಡುಕುವುದು, ಸಿಗದಿದ್ದರೆ ಸದ್ದಿಲ್ಲದೆ ಪಾಸ್ ಅಂದು ಎದ್ದುಹೋಗುವುದು. ಅಷ್ಟು ವರ್ಷ ಅದು ಏನನ್ನೂ ಪರೀಕ್ಷಿಸಿರಲೇ ಇಲ್ಲ. ಅಕ್ಕ ತಿದ್ದಿದ್ದು ಮಾತ್ರ ಶುರು ಮಾಡಲಿಕ್ಕೇ ಆಗಲಿಲ್ಲ ಎಂದು ನಿಜ ಹೇಳಿ ಹಳದಿ ತೋರಿಸಿತ್ತು.

ಅಕ್ಕ ಫೈಲಿನ ಹೊಸ ಜಾಗ ತೋರಿಸಿ ಟೆಸ್ಟನ್ನು ಮತ್ತೆ ಓಡಿಸಿದಳು. ಕೆಂಪು ಬಂದರೆ ತನ್ನ ಮಾತಿಗೊಂದು ಬೆಲೆ ಬರುತ್ತದೆ ಎಂದು ಒಳಗೊಳಗೇ ಆಸೆ. ಬಂದದ್ದು ಹಸಿರು. ಕರ್ನಲ್ ಸರಿಯಾಗೇ ಇತ್ತು.

"ಮೊದಲೂ ಹಸಿರು, ಈಗಲೂ ಹಸಿರು. ಇಷ್ಟು ದಿನ ಮಾಡಿದ್ದೇನಮ್ಮ ನೀವು?" ಅಂದರಂತೆ ಹೆಡ್ಡು. "ಹಳೇದನ್ನೇ ವಾಪಸ್ ಹಾಕಿ. ಬೇರೆ ಟೆಸ್ಟ್ ಮುಟ್ಟೋದೂ ಬೇಡ. ನಾಳೆಯಿಂದ ಬೇರೆ ಏನಾದ್ರೂ ಕೊಡ್ತೀನಿ."

ಮನೆಗೆ ಬಂದವಳಿಗೆ ಅಳು ಬಂತು. "ಅವರು ಹೇಳೋದು ಸರೀನೇ ಅಲ್ವೇನೋ? ಉತ್ತರ ಅದೇ ತಾನೇ?" ನಾನು ಅವಳ ಪಕ್ಕ ಕೂತೆ. ಹಾಲು ಸೀದ ಪಾಪಕ್ಕೋ ಏನೋ, ಭಾವ ತಾವೇ ಟೀ ಮಾಡಿ ತಂದುಕೊಟ್ಟು ಇಯರ್‌ಫೋನ್ ಸಿಕ್ಕಿಸಿಕೊಂಡರು.

ಅಕ್ಕ ಮೂಗೊರೆಸಿಕೊಳ್ಳುತ್ತಲೇ ಅಭ್ಯಾಸಬಲದಿಂದ ಕೇಳಿದಳು, "ರೀ, ಗ್ಯಾಸ್ ಆಫ್ ಮಾಡಿದ್ರಾ?"

ಭಾವ ಇಯರ್‌ಫೋನ್ ಕಿತ್ತಿಟ್ಟು ಎದ್ದರು. ಅಡುಗೆಮನೆಗೆ ಹೋಗಿ, ಬಗ್ಗಿ ನೋಡಿ ಬಂದರು.

"ಹೂಂ. ಮಾಡಿದ್ದೆ."

ಅಕ್ಕ ಲೋಟ ಕೆಳಗಿಟ್ಟಳು. ಅವತ್ತು ಮತ್ತೆ ಅಳಲಿಲ್ಲ.

ಬೆಳಿಗ್ಗೆ ಹೋದವಳೇ ಹೆಡ್ಡಿಗೆ ಹೇಳಿದಳಂತೆ, "ಸರ್, ಮೊದಲು ನೋಡದೆ ಹೇಳ್ತಿತ್ತು. ಈಗ ನೋಡಿ ಹೇಳುತ್ತೆ."

ಏನೋ ಅನ್ನಲು ಹೊರಟ ಹೆಡ್ಡು ಗೋಡೆಯ ಪರದೆಯ ಕಡೆ ತಿರುಗಿದರು. ಈ ತುದಿಯಿಂದ ಆ ತುದಿಗೆ ಹಸಿರು.

"ಮತ್ತೆ ಉಳಿದವು?"

"ಗೊತ್ತಿಲ್ಲ ಸರ್."

ಆ ಹಸಿರನ್ನು ಮತ್ತೊಮ್ಮೆ ನೋಡಿ, ಕೆಲಸ ನಿಮ್ಮ ಹತ್ತಿರವೇ ಇರಲಿ ಅಂದರಂತೆ. ಅವತ್ತು ಸಂಜೆ ತಮ್ಮ ಕೋಣೆಗೆ ಬೀಗ ಹಾಕಿ ಗೇಟಿನವರೆಗೆ ಹೋದ ಆ ಮನುಷ್ಯ, ವಾಪಸ್ ಬಂದು ಬೀಗ ಜಗ್ಗಿ ನೋಡಿದ್ದನ್ನು ಅಕ್ಕ ಕಣ್ಣಾರೆ ಕಂಡಳಂತೆ.